ಹಿತ್ತಾಳೆಯಲ್ಲಿ ಕೊರೆಯುವ ಮುನ್ನ ಒಮ್ಮೆ ಓದಿ ನೋಡೋಣ

ಮಾನ್ಯ ಸಂಪಾದಕರೆ,

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಗ್ರಾಮಗಳಲ್ಲಿ ಅಂಗನವಾಡಿ, ವಾಚನಾಲಯ, ಹಾಲಿನ ಸೊಸೈಟಿ, ನೀರಿನ ಟಾಂಕಿ, ತೋಡಿಗೆ ಅಡ್ಡಲಾಗಿ ಕಟ್ಟಿದ ಕಾಲುಸಂಕ ಎಂದು ವರ್ಷವಿಡೀ ಒಂದಲ್ಲ ಒಂದು ಉದ್ಘಾಟನೆ ನಡೆಯುತ್ತಲೇ ಇರುತ್ತದೆ. ಚುನಾವಣೆಯ ನೀತಿಸಂಹಿತೆ ಜಾರಿಗೆ ಬರುವ ಮುಂಚಿನ ವಾರಗಳಲ್ಲಂತೂ ಒಂದೇ ದಿನ ಎರಡು ಮೂರು ಕಡೆ ಪರದೆ ಸರಿಸಿ ಫಲಕ ಅನಾವರಣಗೊಳಿಸಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ. ಚಿತ್ರ ಅಚ್ಚಾದ ಮೇಲೆ ಆ ಫಲಕವನ್ನು ಯಾರೂ ಓದಲಾರರು ಎಂಬ ಧೈರ್ಯವೋ ಏನೋ, ಅದರಲ್ಲಿ ಏನು ಬರೆಯಬೇಕು, ಯಾವ ಭಾಷೆಯಲ್ಲಿ ಬರೆಯಬೇಕು, ಯಾವ ಲೋಹದಲ್ಲಿ ಎಷ್ಟು ಆಳಕ್ಕೆ ಕೊರೆಯಬೇಕು ಎಂಬುದನ್ನೆಲ್ಲ ಕಾಮಗಾರಿಯ ಕೊನೆಯ ವಾರದಲ್ಲಿ ಗುತ್ತಿಗೆದಾರರಿಗೆ ಬಿಟ್ಟುಬಿಡುವುದು ರೂಢಿಯಾಗಿದೆ. ನಮ್ಮ ಊರಿನ ವಾಚನಾಲಯದ ಕಟ್ಟಡ ಸಮಿತಿಯಲ್ಲಿ ಕಾರ್ಯದರ್ಶಿಯಾಗಿ ಕೆಲಸ ಮಾಡಿದ ನನಗೆ ಈ ರೂಢಿಯಿಂದ ಆದ ಅನುಭವವನ್ನು ತಮ್ಮ ಓದುಗರ ಮುಂದಿಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಆದ ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ವಾಚನಾಲಯದ ಹಳೆಯ ಕಟ್ಟಡ ಮುರಕಲ್ಲಿನ ಗೋಡೆಯ, ಮಂಗಳೂರು ಹಂಚಿನ ಮಾಡಿನ ಎರಡು ಕೋಣೆಗಳದ್ದು. ಪಕ್ಕಾಸುಗಳಿಗೆ ಗೆದ್ದಲು ಹಿಡಿದು, ಒಂದು ಮಳೆಗಾಲದಲ್ಲಿ ಪಡುವಣ ಗೋಡೆ ಜರಿದ ಮೇಲೆ ಅದನ್ನು ಕೆಡವಿ ಕಾಂಕ್ರೀಟಿನ ಹೊಸ ಕಟ್ಟಡ ಕಟ್ಟಿಸಿದೆವು. ಹಳೆಯ ಜಗಲಿಯಲ್ಲಿ, ಬಾಗಿಲಿನ ಬಲಕ್ಕೆ, ಒಂದು ಹಿತ್ತಾಳೆಯ ತಗಡು ಇತ್ತು. ಹುಡುಗನಾಗಿದ್ದಾಗಿನಿಂದಲೂ ಅದರ ಕೆಳಗೇ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆನಾದರೂ ಒಂದು ದಿನವಾದರೂ ಅದನ್ನು ಪೂರ್ತಿಯಾಗಿ ಓದಿದ ನೆನಪು ನನಗಿಲ್ಲ, ಅಷ್ಟು ಕಪ್ಪುಗಟ್ಟಿತ್ತು. ಕಟ್ಟಡ ಕೆಡವಿದ ದಿನ ಮರಮಟ್ಟು, ಹಂಚು, ಕಿಟಕಿಯ ಸರಳು ಎಂದು ಒಂದೊಂದನ್ನೂ ಲೆಕ್ಕ ಬರೆದಿಟ್ಟ ಸಮಿತಿಗೆ ಆ ತಗಡಿನ ನೆನಪೇ ಆಗಲಿಲ್ಲ. ಎರಡು ವಾರ ಕಳೆದು ಬೇರೇನೋ ಕೆಲಸಕ್ಕೆ ಪೇಟೆಯ ಗುಜರಿ ಅಂಗಡಿಗೆ ಹೋಗಿದ್ದಾಗ, ತಳ ಒಡೆದ ಕುಕ್ಕರಿಗೂ ಸುಟ್ಟುಹೋದ ಪಂಪಿನ ತಂತಿ ಸುರುಳಿಗಳಿಗೂ ನಡುವೆ ಅದು ಒರಗಿ ನಿಂತಿತ್ತು. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಮೂರು ಮಿಲಿಮೀಟರಿನಷ್ಟು ದಪ್ಪ; ತಕ್ಕಡಿಯಲ್ಲಿ ಮೂರೂವರೆ ಕಿಲೋ ತೂಗಿತು. ಅಂಗಡಿಯವರು ತಾವು ಕೊಂಡ ಬೆಲೆಗೇ ಅದನ್ನು ನನಗೆ ಕೊಟ್ಟರು. ವಾಚನಾಲಯದ್ದು ಎಂದು ಗೊತ್ತಿದ್ದರೆ ತಾನೇ ತಂದುಕೊಡುತ್ತಿದ್ದೆ ಎಂದು ಅವರು ಹೇಳಿದ್ದು ನನಗೆ ಸಮಾಧಾನಕ್ಕಿಂತ ನಾಚಿಕೆಯನ್ನೇ ಹೆಚ್ಚು ತಂದಿತು.

ಮನೆಗೆ ತಂದು, ನೆನೆಸಿದ ಹುಣಸೆಹುಳಿಯನ್ನು ದಪ್ಪಕ್ಕೆ ಬಳಿದು, ಅರ್ಧ ಗಂಟೆ ಬಿಟ್ಟು, ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ ತೊಳೆದಾಗ ಮೊದಲು ಕಾಣಿಸಿದ್ದು ಕೊನೆಯ ಸಾಲಿನ ‘೧೯೫೮’. ಆಮೇಲೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಾಲು ಎದ್ದು ಬಂತು. ಅಕ್ಷರಗಳು ಯಂತ್ರದವಲ್ಲ. ಸಣ್ಣ ಚಾಣದ ಮೊನೆಯನ್ನು ಇಟ್ಟಿಟ್ಟು ಬಡಿದ ಗುರುತು ಪ್ರತಿಯೊಂದು ಗೆರೆಯ ತಳದಲ್ಲಿ ಇಂದಿಗೂ ಉಗುರಿಗೆ ತಾಗುತ್ತದೆ. ಮದುವೆಗೆ ಉಡುಗೊರೆ ಕೊಡುವ ಕೊಡಪಾನದ ಕಂಠಕ್ಕೆ ಪಾತ್ರೆಯಂಗಡಿಯ ಜಗಲಿಯಲ್ಲಿ ಕೂತು ಹೆಸರು ಕೊರೆಯುತ್ತಿದ್ದವರ ಕೈಯೇ ಇದನ್ನೂ ಕೊರೆದಿರಬೇಕು. ಜಾಗೆ ಕೊಟ್ಟವರು ಯಾರು, ಕಲ್ಲು ಯಾರ ಪಣೆಯದ್ದು, ಹಂಚಿನ ಹಣ ಯಾರದ್ದು ಎಂಬುದು ಅದರಲ್ಲಿದೆ; ಅದಾದ ಮೇಲೆ ‘ಕೂಲಿ ತೆಗೆದುಕೊಳ್ಳದೆ ಗೋಡೆ ಎಬ್ಬಿಸಿದವರು’ ಎಂದು ಆರು ಜನರ ಹೆಸರುಗಳು, ಮನೆಯ ಹೆಸರಿನ ಸಹಿತ. ಅವರ ಮನೆಯವರ ಒಪ್ಪಿಗೆ ಕೇಳದ ಕಾರಣ ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಆ ಆರು ಮನೆಗಳ ಪೈಕಿ ಎರಡರ ಮೊಮ್ಮಕ್ಕಳು ಈಗಲೂ ಸಂಜೆ ಪತ್ರಿಕೆ ಓದಲು ಬರುತ್ತಾರೆ, ತಮ್ಮ ಅಜ್ಜಂದಿರು ಈ ವಾಚನಾಲಯದ ಗೋಡೆ ಕಟ್ಟಿದವರೆಂದು ಅವರಿಗೆ ತಿಳಿದದ್ದು ಹೋದ ವರ್ಷ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿ ಎರಡು ವರ್ಷವಾಗುವಷ್ಟರಲ್ಲಿ, ನಾಡೆಲ್ಲ ಆ ಮಾತಿನಲ್ಲೇ ಬಿಸಿಯಾಗಿದ್ದ ದಿನಗಳಲ್ಲಿ, ಇಷ್ಟು ತಣ್ಣಗೆ ಇಷ್ಟು ಸ್ಪಷ್ಟವಾಗಿ ಲೆಕ್ಕ ಬರೆದಿಟ್ಟ ಆ ಸಮಿತಿಯವರ ಬಗ್ಗೆ ನನಗೆ ಗೌರವ ಹುಟ್ಟಿತು. ಉದ್ಘಾಟನೆ ಮಾಡಿದವರು ಯಾರೆಂಬ ಸುದ್ದಿಯೇ ಅದರಲ್ಲಿಲ್ಲ.

ಇನ್ನು ನಮ್ಮ ಹೊಸ ಫಲಕದ ಕಥೆ. ಅದರಲ್ಲಿ ಹದಿನೇಳು ಹೆಸರುಗಳಿವೆ. ಉದ್ಘಾಟಕರು, ಅಧ್ಯಕ್ಷತೆ ವಹಿಸಿದವರು, ಗೌರವ ಉಪಸ್ಥಿತಿ, ಮುಖ್ಯ ಅತಿಥಿಗಳು, ಶುಭಾಶಂಸನೆ ಎಂದು ಆಮಂತ್ರಣ ಪತ್ರಿಕೆಯನ್ನು ಹಾಗೆಯೇ ಎತ್ತಿ ಲೋಹಕ್ಕೆ ಹಾಕಲಾಗಿದೆ. ಆ ಹದಿನೇಳು ಮಂದಿಯಲ್ಲಿ ಕಟ್ಟಡಕ್ಕೆ ಒಂದು ರೂಪಾಯಿಯನ್ನಾಗಲಿ ಒಂದು ದಿನದ ದುಡಿಮೆಯನ್ನಾಗಲಿ ಕೊಟ್ಟವರು ಇಬ್ಬರು. ಇನ್ನಿಬ್ಬರು ಅಂದು ಬರಲೇ ಇಲ್ಲ. ಹಿಂದೆ ಜಾಗೆ ಕೊಟ್ಟವರಾಗಲಿ, ಈ ಸಲ ದಾರಿಗೆಂದು ತಮ್ಮ ತೋಟದ ಅಂಚನ್ನು ಬಿಟ್ಟುಕೊಟ್ಟವರಾಗಲಿ, ಆರು ತಿಂಗಳು ಕೆಲಸ ಮಾಡಿದ ಮೇಸ್ತ್ರಿಯಾಗಲಿ ಅದರಲ್ಲಿಲ್ಲ. ಕರಡು ಬಂದಾಗಲೇ ಇದನ್ನು ಆಕ್ಷೇಪಿಸಬೇಕಾಗಿದ್ದ ಕಾರ್ಯದರ್ಶಿ ನಾನೇ. ಕರಡು ಬಂದದ್ದು ಮಲಯಾಳದಲ್ಲಿ, ಅದೂ ಮೊಬೈಲಿನಲ್ಲಿ, ರಾತ್ರಿ ಹತ್ತು ಗಂಟೆಗೆ. ಮರುದಿನ ಬೆಳಿಗ್ಗೆ ಕೆತ್ತನೆಗೆ ಕೊಡಬೇಕಿತ್ತು. ‘ಸರಿ’ ಎಂದು ಒಂದು ಶಬ್ದದ ಉತ್ತರ ಕಳಿಸಿ ಮಲಗಿದೆ.

ಕನ್ನಡ ಪಾಠವನ್ನು ನೋಡಿದ್ದು ಪರದೆ ಸರಿದ ಮೇಲೆ. ‘ವಾಚನಾಲಯ’ ಎಂಬಲ್ಲಿ ‘ವಾಯನಶಾಲ’ ಎಂದಿತ್ತು; ಮಲಯಾಳದ ಶಬ್ದಕ್ಕೆ ಕನ್ನಡದ ಲಿಪಿ ತೊಡಿಸಿದ್ದರೇ ಹೊರತು ಕನ್ನಡಕ್ಕೆ ತಂದಿರಲಿಲ್ಲ. ‘ಎಣ್ಮಕಜೆ’ ಎಂಬ ಗ್ರಾಮದ ಹೆಸರು ಮಲಯಾಳಕ್ಕೆ ಹೋಗಿ ಮರಳುವಾಗ ‘ಎನ್ಮಗಜೆ’ ಆಗಿತ್ತು. ‘ಸಮರ್ಪಿಸಲಾಯಿತು’ ಎಂಬುದು ‘ಸಮಪಿ೯ಸಲಾಯಿತು’ ಎಂದಿತ್ತು, ಅಂದರೆ ಅರ್ಕಾವೊತ್ತು ಇರಬೇಕಾದಲ್ಲಿ ಒಂಬತ್ತರ ಅಂಕಿ. ಈ ಕೊನೆಯ ತಪ್ಪು ಗಡಿನಾಡಿನದ್ದು ಮಾತ್ರವಲ್ಲ. ಬೆಂಗಳೂರಿನ ಬಸ್ಸುಗಳ ಹಿಂಬದಿಯಲ್ಲೂ ಕಾಣಸಿಗುತ್ತದೆ. ಆದರೆ ಅಲ್ಲಿ ಅದು ಮುಂದಿನ ಸಲ ಬಣ್ಣ ಬಳಿಯುವವರೆಗೆ ಮಾತ್ರ. ಹಿತ್ತಾಳೆಯಲ್ಲಿ ಕೊರೆದ ತಪ್ಪನ್ನು ಅಳಿಸಲು ಬರುವುದಿಲ್ಲ. ತಗಡನ್ನು ತಿರುವಿ ಹಿಂಬದಿಯಲ್ಲಿ ಕೊರೆಸಬಹುದು, ಇಲ್ಲವೇ ಹೊಸ ತಗಡು ತರಬೇಕು.

ಹೀಗೆ ಏಕಾಗುತ್ತದೆ ಎಂದು ಆಮೇಲೆ ನಾನೇ ಹೋಗಿ ಕೆತ್ತನೆಯ ಕೆಲಸದವರಲ್ಲಿ ವಿಚಾರಿಸಿದೆ. ಇಂದು ಹೆಚ್ಚಿನ ಫಲಕಗಳನ್ನು ಕಂಪ್ಯೂಟರ್ ನಡೆಸುವ ಕೊರೆಯಂತ್ರ ಕೊರೆಯುತ್ತದೆ, ಅಥವಾ ಅಕ್ಷರದ ಜಾಗವನ್ನು ಬಿಟ್ಟು ಉಳಿದುದಕ್ಕೆ ಲೇಪ ಹಚ್ಚಿ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ತಗಡನ್ನು ಮುಳುಗಿಸಿ ಲೋಹವನ್ನು ತಿನ್ನಿಸುತ್ತಾರೆ. ಎರಡೂ ಒಳ್ಳೆಯ ವಿಧಾನಗಳೇ. ತೊಡಕಿರುವುದು ಅದಕ್ಕೆ ಮುಂಚಿನ ಹೆಜ್ಜೆಯಲ್ಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವನ್ನು ಅದೇ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೊಜ್ಜು ಕಾಣುತ್ತದೆ. ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯೂನಿಕೋಡ್ ಸಂಕೇತದಲ್ಲಿ ಕಳಿಸಿದರೆ, ಕೊರೆಯಂತ್ರದ ಕೆಲವು ತಂತ್ರಾಂಶಗಳಿಗೆ ಒತ್ತಕ್ಷರ ಜೋಡಿಸುವ ಕ್ರಮ ಗೊತ್ತಿಲ್ಲದೆ ‘ಗ್ರಂಥ’ವು ‘ಗ್‌ರಂಥ’ವಾಗಿ ಬಿಡಿಸಿಕೊಳ್ಳುತ್ತದೆ. ಆಗ ಕನ್ನಡ ಬಾರದ ಕೆಲಸಗಾರ ತನ್ನ ಕಣ್ಣಳತೆಗೆ ಹತ್ತಿರವಾದ ಆಕಾರವನ್ನು ಹುಡುಕಿ ಅಂಟಿಸುತ್ತಾನೆ. ಅರ್ಕಾವೊತ್ತಿಗೆ ಒಂಬತ್ತು ಸಿಗುವುದು ಹೀಗೆ. ಆತನನ್ನು ದೂರಿ ಪ್ರಯೋಜನವಿಲ್ಲ. ಕನ್ನಡ ಬಲ್ಲವರು ಒಬ್ಬರು ಪಾಠವನ್ನು ಸರಿಯಾಗಿ ಬರೆದು, ಅಕ್ಷರಗಳನ್ನು ಗೆರೆಚಿತ್ರವಾಗಿ ಪರಿವರ್ತಿಸಿ ಕಳಿಸಿದರೆ ಯಾವ ಯಂತ್ರವೂ ಅದನ್ನು ಕೆಡಿಸಲಾರದು. ಆ ಮೇಲೆ ಫಲಕದ ಅಳತೆಯ ಕಾಗದದ ಮೇಲೇ ಒಂದು ಪ್ರತಿ ತೆಗೆಸಿ, ಗೋಡೆಗೆ ಅಂಟಿಸಿ, ಊರಿನ ನಾಲ್ಕು ಮಂದಿ ಗಟ್ಟಿಯಾಗಿ ಓದಬೇಕು. ಇದಕ್ಕೆ ತಗಲುವ ಖರ್ಚು ಒಂದು ಹಾಳೆಯದು. ಕನ್ನಡಕ್ಕೆ ಇನ್ನೊಂದು ವಿಶೇಷವಿದೆ: ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಬಿಟ್ಟಷ್ಟೇ ಸಾಲುಗಳ ಅಂತರ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಹದಿನೇಳು ಹೆಸರು ತುರುಕುವಾಗ ಮೊದಲು ಕಿರಿದಾಗುವುದು ಈ ಅಂತರವೇ.

ಪಾಠ ತಿದ್ದಿಸಲೆಂದು ಹೊಸ ಫಲಕವನ್ನು ಗೋಡೆಯಿಂದ ಇಳಿಸಿದಾಗ ಎರಡನೆಯ ಆಶ್ಚರ್ಯ ಕಾದಿತ್ತು. ಒಂದು ಕೈಯಲ್ಲಿ ಹಗುರವಾಗಿ ಎತ್ತಲು ಬಂತು. ಹಳೆಯ ತಗಡಿನ ಉದ್ದಗಲ, ದಪ್ಪ ಎಲ್ಲ ಅದೇ. ತೂಕ ಮಾತ್ರ ಒಂದು ಕಿಲೋಗಿಂತ ತುಸು ಹೆಚ್ಚು. ಹಿತ್ತಾಳೆಯ ಒಂದು ಘನ ಸೆಂಟಿಮೀಟರು ಸುಮಾರು ಎಂಟೂವರೆ ಗ್ರಾಂ ತೂಗುತ್ತದೆ, ಅಲ್ಯುಮಿನಿಯಂ ಎರಡೂ ಮುಕ್ಕಾಲು ಗ್ರಾಂ ಕೂಡ ತೂಗುವುದಿಲ್ಲ. ಬಿಲ್ಲಿನಲ್ಲಿ ‘ಬ್ರಾಸ್’ ಎಂದು ಬರೆದು ನಮಗೆ ಕೊಟ್ಟದ್ದು ಹೊಂಬಣ್ಣ ಏರಿಸಿದ ಅಲ್ಯುಮಿನಿಯಂ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಿರುಪಿನ ಸುತ್ತ ಬಣ್ಣ ಎದ್ದು ಬಿಳಿ ಕಾಣಿಸಿಕೊಂಡಿದ್ದನ್ನು ನಾವು ಸುಣ್ಣದ ಕಲೆ ಎಂದುಕೊಂಡಿದ್ದೆವು. ಮಾರಿದವರ ಹೆಸರು ಬರೆದು ಜಗಳ ಮುಂದುವರಿಸುವುದು ಈ ಪತ್ರದ ಉದ್ದೇಶವಲ್ಲ. ಹಣ ಮರಳಿಸುವ ಮಾತು ನಡೆದಿದೆ. ಆದರೆ ಫಲಕ ಮಾಡಿಸುವ ಇತರ ಸಮಿತಿಯವರಿಗೆ ಒಂದು ಸೂಚನೆ: ಅಯಸ್ಕಾಂತ ಹಿಡಿದು ನೋಡಿದರೆ ತಿಳಿಯುವುದಿಲ್ಲ, ಹಿತ್ತಾಳೆಯೂ ಅಲ್ಯುಮಿನಿಯಮ್ಮೂ ಎರಡೂ ಅದಕ್ಕೆ ಅಂಟುವುದಿಲ್ಲ. ಅಳತೆ ಗುಣಿಸಿ, ತಕ್ಕಡಿಗೆ ಹಾಕಿ. ಅಡಿಕೆ ತೂಗಿ ಬದುಕುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಿತ್ತಾಳೆ ಎಂದರೆ ತಾಮ್ರಕ್ಕೆ ಸತುವು ಕೂಡಿಸಿದ ಮಿಶ್ರಲೋಹ; ತಗಡುಗಳಲ್ಲಿ ಸಾಮಾನ್ಯವಾಗಿ ತಾಮ್ರ ನೂರಕ್ಕೆ 60ರಿಂದ 70 ಪಾಲು ಇರುತ್ತದೆ. ಕೆತ್ತನೆಗೆಂದೇ ಬರುವ ಹಿತ್ತಾಳೆಗೆ ಎರಡು ಮೂರು ಪಾಲು ಸೀಸ ಸೇರಿಸಿರುತ್ತಾರೆ, ಕೊರೆಯುವಾಗ ಎಳೆ ಎಳೆಯಾಗಿ ಸುತ್ತಿಕೊಳ್ಳದೆ ಪುಡಿಯಾಗಿ ಉದುರಲಿ ಎಂದು. ಚಾಣಕ್ಕೆ ಬಗ್ಗುವಷ್ಟು ಮೃದು, ಕೈಗೆ ಸವೆಯದಷ್ಟು ಗಟ್ಟಿ, ತುಕ್ಕು ಹಿಡಿದು ಉದುರಿಹೋಗುವ ಜಾತಿಯಲ್ಲ. ದಾಖಲೆಗೆ ಇದನ್ನು ಆರಿಸಿದವರು ಬುದ್ಧಿವಂತರೇ. ಅದಕ್ಕೂ ಹಿಂದೆ ನಮ್ಮ ಕರಾವಳಿ ತಾಮ್ರವನ್ನೇ ನೆಚ್ಚಿಕೊಂಡಿತ್ತು. ಎಂಟನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ, ಆಳುಪ ದೊರೆ ಎರಡನೆಯ ಆಳುವರಸನ ಬೆಳ್ಮಣ್ಣು ಶಾಸನವು ಕನ್ನಡದ ಅತ್ಯಂತ ಹಳೆಯ ತಾಮ್ರಶಾಸನಗಳಲ್ಲಿ ಒಂದು. ತಾಮ್ರಪಟಗಳ ಅಂಚನ್ನು ತುಸು ಮೇಲಕ್ಕೆ ಮಡಿಸುವ ಪದ್ಧತಿ ಇತ್ತು. ಒಂದರ ಮೇಲೊಂದು ಇಟ್ಟಾಗ ಅಕ್ಷರ ಅಕ್ಷರಕ್ಕೆ ಉಜ್ಜಬಾರದು ಎಂಬ ಎಚ್ಚರ. ಸಾವಿರ ವರ್ಷಗಳ ಆಚೆಗಿನ ಓದುಗನಿಗಾಗಿ ಅಂಚು ಮಡಿಸಿದವರ ನಾಡಿನಲ್ಲಿ ನಾವು ಮುಂದಿನ ಓಣಮ್ಮಿನವರೆಗೂ ಬಾಳದ ಬಣ್ಣವನ್ನು ಗೋಡೆಗೆ ಏರಿಸುತ್ತಿದ್ದೇವೆ.

ಹಿತ್ತಾಳೆಗೂ ಶತ್ರುಗಳಿಲ್ಲದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರನ್ನೂ ಮೀರಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಮಂಜೇಶ್ವರ, ಉಪ್ಪಳ, ಕುಂಬಳೆಯ ಪೇಟೆಗಳಿಗೆ ಕಡಲಿನ ಉಪ್ಪುಗಾಳಿ ನೇರವಾಗಿ ಬೀಸುತ್ತದೆ. ಉಪ್ಪಿನ ತೇವ ನಿಂತಲ್ಲಿ ಹಿತ್ತಾಳೆಯೊಳಗಿನ ಸತುವು ಕರಗಿಹೋಗಿ ಕೆಂಪು ಕೆಂಪಾದ, ಟೊಳ್ಳು ತಾಮ್ರ ಉಳಿಯುತ್ತದೆ. ಹಸುರು ಕಿಲುಬು ಕಟ್ಟುತ್ತದೆ. ಮುರಕಲ್ಲಿನ ಗೋಡೆ ನೀರು ಹೀರಿಕೊಂಡು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಕಾರಣ ತಗಡನ್ನು ಗೋಡೆಗೆ ಅಪ್ಪಳಿಸಿದಂತೆ ಕೂರಿಸದೆ ಹಿಂಬದಿಯಲ್ಲಿ ಬೆರಳು ದಪ್ಪದ ಸಂದು ಬಿಡುವುದು ಕ್ಷೇಮ. ಕಬ್ಬಿಣದ ತಿರುಪು ಹಾಕಿದರೆ ಹಿತ್ತಾಳೆಯ ಸಂಗದಲ್ಲಿ ಕಬ್ಬಿಣವು ಒಂಟಿಯಾಗಿರುವುದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಆ ಕೆಂಪು ನೀರು ಗೋಡೆಯ ಮೇಲೆ ಇಳಿದದ್ದನ್ನು ಎಷ್ಟೋ ಕಡೆ ಕಾಣುತ್ತೇವೆ. ಹಿತ್ತಾಳೆಯದೇ ತಿರುಪು ಬೇಕು, ಇಲ್ಲವೇ ಹಿಂಬದಿಗೆ ಬೆಸೆದ ಮೊಳೆಗಳನ್ನು ಗೋಡೆಯೊಳಗೆ ಇಳಿಸಿ ಅಂಟು ತುಂಬಬೇಕು. ಹೀಗೆ ಮಾಡಿದರೆ ರಾತ್ರಿ ಬಂದು ತಿರುಪು ಕಳಚಿ ಗುಜರಿಗೆ ಒಯ್ಯುವವರಿಗೂ ಕಷ್ಟ. ಗೊಬ್ಬರದ ಹಟ್ಟಿ, ಶೌಚಾಲಯಗಳ ಪಕ್ಕದ ಗೋಡೆಯನ್ನು ಬಿಟ್ಟುಬಿಡುವುದು ಲೇಸು, ಏಕೆಂದರೆ ಅಮೋನಿಯಾ ಹಿತ್ತಾಳೆಗೆ ಆಗದು. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ಕುದುರೆಲಾಯಗಳಲ್ಲಿ ಮಳೆಗಾಲಕ್ಕೆಂದು ಕೂಡಿಟ್ಟ ಹಿತ್ತಾಳೆಯ ತೋಟಾ ಚಿಪ್ಪುಗಳು ತಾವಾಗಿ ಬಿರಿಯುತ್ತಿದ್ದವಂತೆ. ಕುದುರೆಯ ಮೂತ್ರದ ಅಮೋನಿಯಾವೇ ಕಾರಣವೆಂದು ಖಚಿತವಾದದ್ದು 1921ರಲ್ಲಿ. ಗೋಡೆಗೆ ಹಾಕುವ ತಗಡು ತೋಟಾದಷ್ಟು ಬಿಗಿಯಲ್ಲಿ ಇರುವುದಿಲ್ಲವಾದ್ದರಿಂದ ಅದು ಬಿರಿಯದಿದ್ದರೂ ಬೇಗ ಕಪ್ಪಾಗುವುದು ಖಂಡಿತ.

ಉಜ್ಜುವ ವಿಷಯದಲ್ಲಿಯೂ ಒಂದು ಮಾತು. ವಾರ್ಷಿಕೋತ್ಸವ ಬಂತೆಂದರೆ ಉತ್ಸಾಹಿ ಯುವಕರು ಫಲಕವನ್ನು ಬೂದಿ, ಮರಳು ಹಾಕಿ ತಿಕ್ಕಿ ಹೊಳೆಯಿಸುತ್ತಾರೆ. ಪ್ರತಿ ಸಲವೂ ಒಂದಿಷ್ಟು ಲೋಹ ಹೋಗುತ್ತದೆ, ಅಕ್ಷರದ ಅಂಚು ಮೊಂಡಾಗುತ್ತದೆ, ಒಳಗೆ ತುಂಬಿದ ಕಪ್ಪು ಬಣ್ಣ ಕಿತ್ತುಬರುತ್ತದೆ. ಅರ್ಧ ಮಿಲಿಮೀಟರಾದರೂ ಆಳವಿದ್ದ ಅಕ್ಷರ ಇದನ್ನು ತಾಳಿಕೊಂಡೀತು. ಲೇಸರ್ ಬೆಳಕಿನಿಂದ ಮೇಲ್ಮೈಯನ್ನು ಮಾತ್ರ ಸುಟ್ಟು ಬರೆದ ಅಕ್ಷರ ತಾಳುವುದಿಲ್ಲ. ಕಪ್ಪುಗಟ್ಟಿದ ಹಿತ್ತಾಳೆ ಕೆಟ್ಟದ್ದೇನಲ್ಲ, ಆ ಕಪ್ಪು ಒಂದು ಬಗೆಯ ಹೊದಿಕೆಯೇ. ನಮ್ಮ ಹಳೆಯ ಫಲಕ ಉಳಿದದ್ದು ಯಾರೂ ಅದನ್ನು ಉಜ್ಜದಿದ್ದುದರಿಂದ ಎಂದು ನನಗೆ ಅನೇಕ ಸಲ ಅನಿಸಿದೆ. ಗಾಳಿಮಳೆಗೆ ನೇರವಾಗಿ ಒಡ್ಡಿಕೊಂಡ ಕಾಲುಸಂಕ, ಟಾಂಕಿಗಳಿಗಾದರೆ ಕರಿಕಲ್ಲೇ ಸರಿ. ಹಿತ್ತಾಳೆಗೆ ಜಗಲಿಯ ನೆರಳು ಬೇಕು.

ಏನು ಬರೆಯಬೇಕು ಎಂಬ ಮೂಲ ಪ್ರಶ್ನೆಗೆ ಮರಳುತ್ತೇನೆ, ಏಕೆಂದರೆ ಲೋಹ ಎಷ್ಟು ಒಳ್ಳೆಯದಾದರೂ ಪಾಠ ಪೊಳ್ಳಾದರೆ ಏನೂ ದಕ್ಕುವುದಿಲ್ಲ. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ಕಾಮಗಾರಿಗಳಿಗೆ ಇರುವ ಮಾರ್ಗಸೂಚಿಯಲ್ಲಿ, ಕಲ್ಲಿನ ಅಥವಾ ಲೋಹದ ಶಾಶ್ವತ ಫಲಕ ಹಾಕಿ ಅದರಲ್ಲಿ ವೆಚ್ಚ, ಕೆಲಸ ಆರಂಭವಾದ, ಮುಗಿದ ಮತ್ತು ಉದ್ಘಾಟನೆಯಾದ ದಿನಾಂಕ, ಸಂಸದರ ಹೆಸರು ಇವನ್ನು ಕಾಣಿಸಬೇಕು ಎಂದಿದೆ. ಉದ್ಯೋಗ ಖಾತರಿ ಯೋಜನೆಯ ಕೆಲಸಗಳಿಗೂ ಮಾಹಿತಿ ಫಲಕ ಕಡ್ಡಾಯವಾಗಿತ್ತು. ವೆಚ್ಚವೂ ಆರಂಭದ ದಿನಾಂಕವೂ ಫಲಕದಲ್ಲಿದ್ದರೆ ಐದು ವರ್ಷ ನೆನೆಗುದಿಗೆ ಬಿದ್ದ ಕೆಲಸ ತಾನಾಗಿ ಬಯಲಾಗುತ್ತದೆ. ಉದ್ಘಾಟನೆಯ ದಿನಾಂಕ ಒಂದನ್ನೇ ಕೊರೆಸುವವರ ಜಾಣತನ ಇದರಿಂದ ಅರ್ಥವಾಗುತ್ತದೆ. ಊರಿನವರೇ ಸೇರಿ ಕಟ್ಟಿದ ಕೆಲಸಗಳಿಗೆ ಇಂಥ ನಿಯಮ ಇಲ್ಲದಿದ್ದರೂ ಅದೇ ಕ್ರಮವನ್ನು ಪಾಲಿಸುವುದಕ್ಕೆ ಅಡ್ಡಿಯಿಲ್ಲ, ಜೊತೆಗೆ ಜಾಗೆ ಕೊಟ್ಟವರ, ದುಡಿದವರ ಹೆಸರು ಸೇರಿಸಿದರಾಯಿತು. ನಮ್ಮ ಎಣ್ಮಕಜೆ, ಬಾಯಾರು ಕಡೆಯ ಗುಡ್ಡಗಳಲ್ಲಿ ಕೈಪಿಕ್ಕಾಸಿನಿಂದ ಸುರಂಗ ಕೊರೆದು ನೀರು ತಂದವರು ನೂರಾರು ಮಂದಿ. ಆ ಸುರಂಗಗಳ ಬಾಯಲ್ಲಿ ಇಂದಿಗೂ ನೀರು ಬರುತ್ತಿದ್ದರೂ ಒಂದರ ಪಕ್ಕದಲ್ಲಿಯೂ ಕೊರೆದವನ ಹೆಸರನ್ನು ನಾನು ಕಂಡಿಲ್ಲ.

ದಿನಾಂಕದ ವಿಚಾರ ಸಣ್ಣದೆಂದು ತೋರಬಹುದು. ದೇವಸ್ಥಾನಗಳ ಕಾಲುದೀಪ, ಗಂಟೆಗಳ ಮೇಲೆ ‘ವಿಶ್ವಾವಸು ಸಂವತ್ಸರ’ ಎಂದಷ್ಟೇ ಕೊರೆದ ಸೇವಾಕರ್ತರ ಹೆಸರುಗಳನ್ನು ಕಾಣುತ್ತೇವೆ. ಸಂವತ್ಸರಚಕ್ರ ಅರುವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ವಿಶ್ವಾವಸು ಎಂದರೆ 1965–66ನೆಯ ಸಾಲೂ ಆಗಬಹುದು, 2025–26ನೆಯ ಸಾಲೂ ಆಗಬಹುದು. ಬ್ರಹ್ಮಕಲಶದ ನೆನಪಿಗೆ ಫಲಕ ಮಾಡಿಸುವ ಜೀರ್ಣೋದ್ಧಾರ ಸಮಿತಿಗಳು ಸಂವತ್ಸರ, ಮಾಸ, ತಿಥಿಗಳನ್ನು ಬರೆಸಲಿ, ಅದು ನಮ್ಮ ಕ್ರಮ. ಜೊತೆಗೆ ಶಕವರ್ಷವನ್ನೋ ಇಸವಿಯನ್ನೋ ಕೊರೆಸಿದರೆ ಮುಂದಿನವರಿಗೆ ಊಹಿಸುವ ಕೆಲಸ ತಪ್ಪುತ್ತದೆ.

ಭಾಷೆಯ ಬಗ್ಗೆ ಬರೆಯುವಾಗ ನನಗೆ ಮಲಯಾಳದ ಮೇಲೆ ಯಾವ ಮುನಿಸೂ ಇಲ್ಲ ಎಂಬುದನ್ನು ಹೇಳಬೇಕಾಗಿದೆ. ನಮ್ಮ ವಾಚನಾಲಯದಲ್ಲಿ ಮಲಯಾಳದ ಎರಡು ಪತ್ರಿಕೆಗಳು ಬರುತ್ತವೆ, ಗ್ರಂಥಾಲಯ ಚಳುವಳಿಯ ಪಿ. ಎನ್. ಪಣಿಕ್ಕರ್ ಅವರ ನೆನಪಿನ ವಾಚನದಿನವನ್ನು ಪ್ರತಿ ಜೂನ್ 19ರಂದು ಎರಡೂ ಭಾಷೆಗಳಲ್ಲಿ ಆಚರಿಸುತ್ತೇವೆ, ಫಲಕದಲ್ಲಿ ಮಲಯಾಳ ಇರಲೇಬೇಕು. ಆದರೆ 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ನುಡಿಯಲ್ಲಿ ಸರಕಾರದೊಡನೆ ಪತ್ರ ವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿರುವಾಗ, ಜಿಲ್ಲೆಯ ಅಥವಾ ಅದರೊಳಗಿನ ಪ್ರದೇಶದ ಜನಸಂಖ್ಯೆಯಲ್ಲಿ ನೂರಕ್ಕೆ 15 ಅಥವಾ ಅದಕ್ಕಿಂತ ಹೆಚ್ಚು ಮಂದಿ ಆಡುವ ನುಡಿಯಲ್ಲಿ ಮುಖ್ಯ ಪ್ರಕಟಣೆಗಳು ಇರಬೇಕೆಂಬುದು ರಾಷ್ಟ್ರಮಟ್ಟದಲ್ಲಿ ಒಪ್ಪಿಕೊಂಡ ರಕ್ಷಣೆಗಳಲ್ಲಿ ಒಂದಾಗಿರುವಾಗ, ಸಾರ್ವಜನಿಕ ಕಟ್ಟಡದ ಗೋಡೆಯ ಮೇಲೆ ಕನ್ನಡ ತಪ್ಪಿಲ್ಲದೆ ಇರಬೇಕೆಂದು ಕೇಳುವುದು ಅತಿಯಾಸೆಯೇನಲ್ಲ. ಊರಿನ ಹೆಸರುಗಳಂತೂ ಕೊರೆದಂತೆಯೇ ನಿಂತುಬಿಡುತ್ತವೆ. ಕಾರಡ್ಕವು ಕಾಡಗಂ ಆಗಿ, ಬೇಡಡ್ಕವು ಬೇಡಗಂ ಆಗಿ ಬರೆಯಲ್ಪಡುವುದನ್ನು ನೋಡುತ್ತಿದ್ದೇವೆ. ‘ಅಡ್ಕ’ ಎಂದರೆ ಬಯಲು ನೆಲ ಎಂದು ಈ ಮಣ್ಣಿನಲ್ಲಿ ನಡೆದವರಿಗೆಲ್ಲ ಗೊತ್ತು; ಅದನ್ನು ಹೇಳುವ ಪದ ಫಲಕದಿಂದ ಮರೆಯಾದರೆ ಮುಂದಿನ ತಲೆಮಾರು ಫಲಕದಲ್ಲಿದ್ದದ್ದನ್ನೇ ಸರಿ ಎಂದು ನಂಬುತ್ತದೆ. ನಾಳೆ ಯಾರಾದರೂ ಊರಿನ ಹೆಸರಿನ ಬಗ್ಗೆ ವಾದಿಸಿದರೆ ಎರಡೂ ಕಡೆಯವರು ಬೆರಳು ತೋರಿಸುವುದು ಇಂಥ ಗೋಡೆಗಳ ಕಡೆಗೇ. ಕುಂಬಳೆ ಸಮೀಪದ ಅನಂತಪುರದಲ್ಲಿ ದೊರೆತ ತುಳು ಶಾಸನ ಒಂದು ನುಡಿಯ ಹಳಮೆಗೆ ಎಂಥ ಸಾಕ್ಷಿಯಾಯಿತೆಂಬುದನ್ನು ನೆನೆದರೆ ನಾವು ಕೊರೆಸುವ ಎರಡು ಸಾಲಿನ ಬೆಲೆ ತಿಳಿದೀತು.

ಆದ್ದರಿಂದ ನಮ್ಮ ಗ್ರಾಮ ಪಂಚಾಯತುಗಳಲ್ಲಿ ನಾನು ವಿನಂತಿಸುವುದು ಇಷ್ಟು. ಫಲಕದ ಪಾಠವನ್ನು ಉದ್ಘಾಟನೆಗೆ ಹದಿನೈದು ದಿನ ಮುಂಚಿತವಾಗಿ ಎರಡೂ ಭಾಷೆಗಳಲ್ಲಿ ಪಂಚಾಯತು ಕಚೇರಿಯ ಗೋಡೆಗೆ ಅಂಟಿಸಿ ಜನರು ಓದಿ ತಿದ್ದಲು ಬಿಡಬೇಕು. ಊರಿನ ಕನ್ನಡ ಶಾಲೆಯ ಅಧ್ಯಾಪಕರೊಬ್ಬರ ಸಹಿ ಕನ್ನಡ ಪಾಠದ ಕೆಳಗೆ ಬಿದ್ದ ಮೇಲೆಯೇ ಕೆತ್ತನೆಗೆ ಕಳಿಸಬೇಕು. ಅಧ್ಯಾಪಕರು ಬಿಡುವಿಲ್ಲವೆನ್ನುವವರಲ್ಲ, ಕೇಳುವವರಿಲ್ಲ ಅಷ್ಟೆ. ಫಲಕವನ್ನು ಸ್ವೀಕರಿಸುವಾಗ ತೂಕವನ್ನು ಅಳತೆಯ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಕಟ್ಟಡವನ್ನು ಕೆಡವಲು ಅನುಮತಿ ಕೊಡುವಾಗ ಅದರ ಗೋಡೆಯಲ್ಲಿದ್ದ ಫಲಕಗಳ ಚಿತ್ರ ತೆಗೆದು, ಪಾಠವನ್ನು ಕಡತದಲ್ಲಿ ಬರೆದಿಟ್ಟು, ಆ ಫಲಕಗಳನ್ನು ಹೊಸ ಗೋಡೆಯಲ್ಲಿ ಮರಳಿ ಕೂರಿಸಬೇಕೆಂಬ ಷರತ್ತನ್ನು ಗುತ್ತಿಗೆಯ ಪತ್ರದಲ್ಲಿಯೇ ಸೇರಿಸಬೇಕು. ಮರಮಟ್ಟಿನ ಪಟ್ಟಿ ಮಾಡುವ ಗುತ್ತಿಗೆದಾರರಿಗೆ ಇನ್ನೊಂದು ಸಾಲು ಬರೆಯುವುದು ಹೊರೆಯಲ್ಲ.

ಅತಿಥಿಗಳ ಹೆಸರು ಬೇಡವೇ ಎಂದು ನಮ್ಮ ಸಮಿತಿಯ ಹಿರಿಯರೊಬ್ಬರು ಕೇಳಿದರು. ಬೇಡವೆಂದು ನಾನು ಹೇಳಲಾರೆ. ಶಾಸಕರ ನಿಧಿಯಿಂದಲೋ ಪಂಚಾಯತಿನ ಯೋಜನೆಯಿಂದಲೋ ಹಣ ಬಂದಿದ್ದರೆ ಅದನ್ನು ತಂದವರ ಹೆಸರು ಒಂದು ಸಾಲಿನಲ್ಲಿ ಇರಲಿ, ಅದೂ ದಾಖಲೆಯೇ. ಶುಭಾಶಂಸನೆ ಮಾಡಿದವರಿಗೆ ಆಮಂತ್ರಣ ಪತ್ರಿಕೆ ಸಾಕು. ಆ ಹಿರಿಯರು ಒಪ್ಪಿದಂತೆ ಕಾಣಲಿಲ್ಲ. ಅವರ ಹೆಸರು ಹೊಸ ಫಲಕದಲ್ಲಿ ಹನ್ನೊಂದನೆಯದು, ಹೊಸ ಕರಡಿನಲ್ಲಿ ಇಲ್ಲ.

ಈಗ ಹೊಸ ಪಾಠ ಸಿದ್ಧವಾಗಿದೆ, ಕನ್ನಡದಲ್ಲಿ ಒಂಬತ್ತು ಸಾಲು, ಮಲಯಾಳದಲ್ಲಿ ಒಂಬತ್ತು. ಕಾಗದದ ಪ್ರತಿಯನ್ನು ವಾಚನಾಲಯದ ಬಾಗಿಲಿಗೆ ಅಂಟಿಸಿ ಮೂರು ವಾರವಾಯಿತು. ಓದುಗರು ಈವರೆಗೆ ಪೆನ್ಸಿಲಿನಿಂದ ಮೂರು ತಪ್ಪು ತಿದ್ದಿದ್ದಾರೆ, ಒಂದು ಮನೆಯ ಹೆಸರಿನ ಕಾಗುಣಿತದ ಬಗ್ಗೆ ಅಣ್ಣತಮ್ಮಂದಿರಲ್ಲಿಯೇ ಭಿನ್ನಾಭಿಪ್ರಾಯ ಇತ್ಯರ್ಥವಾಗಬೇಕಾಗಿದೆ. ಅದಾದ ಮೇಲೆ ಕೆತ್ತನೆಗೆ ಕೊಡುತ್ತೇವೆ. 1958ರ ತಗಡು ಸದ್ಯಕ್ಕೆ ಕಪಾಟಿನ ಮೇಲೆ ಪತ್ರಿಕೆಗಳ ರಾಶಿಗೆ ಒರಗಿ ನಿಂತಿದೆ. ಅದರ ನಾಲ್ಕು ಮೂಲೆಯ ಹಳೆಯ ತೂತುಗಳಿಗೆ ಹೊಂದುವ ಹಿತ್ತಾಳೆಯ ತಿರುಪು ಕಾಸರಗೋಡಿನ ಪೇಟೆಯಲ್ಲಿ ಸಿಗದೆ, ಮಂಗಳೂರಿನಿಂದ ತರುವಂತೆ ಅಲ್ಲಿಗೆ ದಿನವೂ ಹೋಗಿಬರುವ ನಮ್ಮ ಸದಸ್ಯರೊಬ್ಬರಿಗೆ ಹೇಳಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಪೆರ್ಲ ಪರಿಸರದ ಓದುಗ
ಮಂಜೇಶ್ವರ ತಾಲೂಕು, ಕಾಸರಗೋಡು